ಕರ್ತೃ ಯಾರು ಎಂದು ಮೊದಲು ಕೇಳಿ

ಶಾಲೆಗೆ ಸೇರುವ ಮೊದಲೇ ನಮ್ಮ ಮಕ್ಕಳು 'ಅಜ್ಜ ಬಂದ', 'ಅಜ್ಜಿ ಬಂದಳು', 'ಕರು ಬಂತು', 'ಮೇಷ್ಟ್ರು ಬಂದರು' ಎಂದು ಸರಾಗವಾಗಿ ಮಾತಾಡುತ್ತಿರುತ್ತಾರೆ. 'ಅಜ್ಜಿ ಬಂತು' ಎಂದರೆ ಅಜ್ಜಿಗೆ ಬೇಸರವಾಗುತ್ತದೆ ಎನ್ನುವುದೂ ಅವರಿಗೆ ಗೊತ್ತು. ಯಾರೂ ಕೂರಿಸಿಕೊಂಡು ಇದನ್ನು ಹೇಳಿಕೊಟ್ಟಿಲ್ಲ. ಕರ್ತೃ ಗಂಡೋ ಹೆಣ್ಣೋ, ಒಬ್ಬರೋ ಹಲವರೋ, ಮಾತಾಡುವವನೋ ಕೇಳುವವನೋ ದೂರದವನೋ, ಗೌರವ ಕೊಡಬೇಕಾದವರೋ ಸಲಿಗೆಯವರೋ ಎಂಬುದನ್ನೆಲ್ಲ ಒಂದು ಕ್ಷಣದಲ್ಲಿ ಅಳೆದು, ಅದಕ್ಕೆ ತಕ್ಕ ಕೊನೆಯನ್ನು ಕ್ರಿಯಾಪದಕ್ಕೆ ಸೇರಿಸುವ ಕೆಲಸವನ್ನು ಕನ್ನಡದ ಮಗು ದಿನಕ್ಕೆ ಸಾವಿರ ಸಲ ಮಾಡುತ್ತದೆ. ನಮ್ಮ ವೈಯಾಕರಣರು ಇದನ್ನೇ ಆಖ್ಯಾತ ಎಂದು ಕರೆದು ವಿವರಿಸಿದರು. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅದಕ್ಕಾಗಿಯೇ ಒಂದು ಪ್ರಕರಣ ಮೀಸಲಿಟ್ಟಿದ್ದಾನೆ.

ಅದೇ ಮಗು ಹೈಸ್ಕೂಲಿಗೆ ಬಂದಾಗ ಇಂಗ್ಲಿಷ್ ಉತ್ತರಪತ್ರಿಕೆಯಲ್ಲಿ 'ಶಿ ಗೋ ಟು ಸ್ಕೂಲ್' ಎಂದು ಬರೆಯುತ್ತದೆ. ಕೆಂಪು ಶಾಯಿಯ ಗೆರೆ ಬೀಳುತ್ತದೆ. 'ಇವನಿಗೆ ವ್ಯಾಕರಣವೇ ಬರುವುದಿಲ್ಲ' ಎಂಬ ಮಾತೂ ಬೀಳುತ್ತದೆ. ಈ ಮಾತು ಸುಳ್ಳು ಎಂದು ಹೇಳುವುದಕ್ಕಾಗಿಯೇ ನಾನು ಇವತ್ತು ನಿಮ್ಮ ಮುಂದೆ ಮಾತಾಡುತ್ತಿದ್ದೇನೆ. ಕರ್ತೃವಿಗೂ ಕ್ರಿಯಾಪದಕ್ಕೂ ಇರಬೇಕಾದ ಹೊಂದಾಣಿಕೆ ಕನ್ನಡದ ಮಕ್ಕಳಿಗೆ ಹೊಸದಲ್ಲ. ಇಂಗ್ಲಿಷ್ ಕೇಳುವುದಕ್ಕಿಂತ ಬಹಳ ಹೆಚ್ಚಿನದು ಅವರಿಗೆ ಆಗಲೇ ಗೊತ್ತಿದೆ. ತಿಳಿಯಬೇಕಾದದ್ದು ಎರಡು ಭಾಷೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದು ಮಾತ್ರ. ಇಂಗ್ಲಿಷ್ ವಾಕ್ಯಗಳನ್ನು ನಾನು ಬಾಯಲ್ಲಿ ಹೇಳುತ್ತಾ ಹೋಗುತ್ತೇನೆ. ಪುಸ್ತಕ ಬೇಡ, ಕಿವಿಗೊಟ್ಟರೆ ಸಾಕು.

ಮೊದಲು ಇಂಗ್ಲಿಷಿನ ಬೇಡಿಕೆ ಎಷ್ಟೆಂದು ನೋಡೋಣ. ಕನ್ನಡದಲ್ಲಿ 'ಬರು' ಧಾತುವಿಗೆ ವರ್ತಮಾನದಲ್ಲಿ ಬರುತ್ತೇನೆ, ಬರುತ್ತೇವೆ, ಬರುತ್ತೀಯೆ, ಬರುತ್ತೀರಿ, ಬರುತ್ತಾನೆ, ಬರುತ್ತಾಳೆ, ಬರುತ್ತಾರೆ, ಬರುತ್ತದೆ, ಬರುತ್ತವೆ ಎಂದು 9 ರೂಪಗಳಿವೆ. ಇಂಗ್ಲಿಷಿನಲ್ಲಿ 2 ಮಾತ್ರ: ಕಮ್, ಕಮ್ಸ್. ಪ್ರಥಮ ಪುರುಷ ಏಕವಚನಕ್ಕೆ, ಅಂದರೆ ಹಿ, ಶಿ, ಇಟ್ ಎನ್ನಬಹುದಾದ ಯಾವುದಕ್ಕಾದರೂ ಒಂದು ಎಸ್ ಸೇರುತ್ತದೆ. ಉಳಿದ ಎಲ್ಲರಿಗೂ ಬರಿಯ ಧಾತು. ಭೂತಕಾಲಕ್ಕೆ ಹೋದರೆ ಅದೂ ಇಲ್ಲ. ಐ ಕೇಮ್, ಶಿ ಕೇಮ್, ದೇ ಕೇಮ್ ಎಲ್ಲವೂ ಒಂದೇ. ಕ್ಯಾನ್, ಮೇ, ಮಸ್ಟ್, ವಿಲ್ ಬಂದರೆ ಆಗಲೂ ಎಸ್ ಇಲ್ಲ. ಇದಕ್ಕೆ ನಮ್ಮಲ್ಲೇ ಜೋಡಿಯಿದೆ: 'ಅವನು ಬರಬಹುದು', 'ಅವರು ಬರಬಹುದು', 'ನಾನು ಬರಬಹುದು'. 'ಬಹುದು' ಯಾರಿಗೂ ಬದಲಾಗುವುದಿಲ್ಲ, 'ಮೇ' ಕೂಡ ಹಾಗೆಯೇ. 'ಇರು' ಎಂಬ ಅರ್ಥದ ಕ್ರಿಯಾಪದವೊಂದೇ ಸ್ವಲ್ಪ ಹೆಚ್ಚು ರೂಪಗಳನ್ನು ಉಳಿಸಿಕೊಂಡಿದೆ: ಆ್ಯಮ್, ಈಸ್, ಆರ್, ವಾಸ್, ವರ್.

ಇಷ್ಟು ಕಡಿಮೆ ಇದ್ದರೂ ಯಾಕೆ ತಪ್ಪುತ್ತದೆ? ಕಡಿಮೆ ಇರುವುದೇ ಒಂದು ಕಾರಣ. ಕನ್ನಡದಲ್ಲಿ ಕ್ರಿಯಾಪದದ ಕೊನೆ ಅರ್ಥವನ್ನು ಹೊರುತ್ತದೆ. 'ಬಂದೆ' ಎಂದರೆ ಸಾಕು, 'ನಾನು' ಎನ್ನುವ ಅಗತ್ಯವೇ ಇಲ್ಲ. ಇಂಗ್ಲಿಷಿನ ಎಸ್ ಅಂಥ ಭಾರವೇನನ್ನೂ ಹೊರುವುದಿಲ್ಲ. 'ಶಿ ಗೋ' ಎಂದರೂ ಕೇಳುವವನಿಗೆ ಅರ್ಥವಾಗುತ್ತದೆ. ಇಂಗ್ಲೆಂಡಿನ ನಾರ್ಫೋಕ್ ಕಡೆಯ ಹಳೆಯ ಆಡುಮಾತಿನಲ್ಲಿ 'ಶಿ ಗೋ' ಎಂದೇ ಹೇಳುತ್ತಿದ್ದರು, ಅದರಿಂದ ಅವರ ವ್ಯವಹಾರವೇನೂ ನಿಲ್ಲಲಿಲ್ಲ. ಅರ್ಥಕ್ಕೆ ಬೇಡವಾದದ್ದನ್ನು ಕಿವಿ ಬೇಗ ಬಿಟ್ಟುಬಿಡುತ್ತದೆ.

ನಾಲಗೆಯ ಕಷ್ಟವೂ ಇದೆ. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ. 'ಆಸ್ಕ್ಸ್' ಎಂಬ ಪದವನ್ನು ಹೇಳಿ ನೋಡಿ. ಮೂರು ವ್ಯಂಜನ ಒತ್ತಾಗಿ ನಿಂತಿವೆ. ಕೊನೆಯ ಎಸ್ ಬಾಯಲ್ಲೇ ಕರಗುತ್ತದೆ. ಬಾಯಲ್ಲಿ ಬಾರದ್ದು ಕಾಗದಕ್ಕೂ ಇಳಿಯುವುದಿಲ್ಲ. ಉತ್ತರಪತ್ರಿಕೆಯ ಎಷ್ಟೋ ತಪ್ಪುಗಳು ಹೀಗೆ ಉಚ್ಚಾರಣೆಯಿಂದ ಹುಟ್ಟಿದವು. ಅಂಥ ಮಗುವಿಗೆ ವ್ಯಾಕರಣದ ಪಾಠ ಮತ್ತೆ ಮಾಡುವುದಕ್ಕಿಂತ ಆ ಪದವನ್ನು ಗಟ್ಟಿಯಾಗಿ ಓದಿಸುವುದು ಮೇಲು.

ಇನ್ನೊಂದು ಗೊಂದಲ ಮಕ್ಕಳನ್ನು ನಿಜವಾಗಿ ಕಾಡುತ್ತದೆ. 'ಬಾಯ್ಸ್' ಎಂದರೆ ಹುಡುಗರು, ಎಸ್ ಬಂದರೆ ಬಹುವಚನ ಎಂದು ನಾವೇ ಕೆಳಗಿನ ತರಗತಿಯಲ್ಲಿ ಕಲಿಸುತ್ತೇವೆ. ಮುಂದೆ 'ದಿ ಬಾಯ್ ಪ್ಲೇಸ್' ಎಂದು ಬರೆಸುತ್ತೇವೆ. ಇಲ್ಲಿ ಎಸ್ ಬಂದರೆ ಏಕವಚನ. ನಾಮಪದದ ಎಸ್ ಬೇರೆ, ಕ್ರಿಯಾಪದದ ಎಸ್ ಬೇರೆ ಎಂದು ಬಿಡಿಸಿ ಹೇಳದಿದ್ದರೆ ಮಗು 'ಬಾಯ್ಸ್ ಪ್ಲೇಸ್' ಎಂದು ಬರೆಯುವುದು ಸಹಜ. ಅದರ ತರ್ಕದಲ್ಲಿ ದೋಷವಿಲ್ಲ: ಕರ್ತೃ ಬಹುವಚನವಾದರೆ ಕ್ರಿಯಾಪದವೂ ಬಹುವಚನವಾಗಬೇಕು, ಬಹುವಚನದ ಗುರುತು ಎಸ್, ಆದ್ದರಿಂದ ಎರಡಕ್ಕೂ ಎಸ್. ಹೊಂದಾಣಿಕೆಯ ತತ್ತ್ವ ಗೊತ್ತಿರುವ ಮಗು ಮಾಡುವ ತಪ್ಪು ಇದು.

ಅಮೆರಿಕದ ಮನೋವಿಜ್ಞಾನಿ ರೋಜರ್ ಬ್ರೌನ್ ಇಂಗ್ಲಿಷ್ ಮನೆಮಾತಿನ ಮೂವರು ಮಕ್ಕಳ ಮಾತನ್ನು ವರ್ಷಗಟ್ಟಲೆ ದಾಖಲಿಸಿ 1973ರಲ್ಲಿ ಪುಸ್ತಕ ಪ್ರಕಟಿಸಿದರು. ಅವರು ಗಮನಿಸಿದ 14 ವ್ಯಾಕರಣ ಗುರುತುಗಳಲ್ಲಿ ನಾಮಪದದ ಬಹುವಚನದ ಎಸ್ 4ನೆಯದಾಗಿ ಬಂತು. 'ರಾಮನ', 'ಅಮ್ಮನ' ಎಂಬ ಅರ್ಥ ಕೊಡುವ ಎಸ್ 6ನೆಯದಾಗಿ ಬಂತು. ಕ್ರಿಯಾಪದದ ಎಸ್ ಬಂದದ್ದು 10ನೆಯದಾಗಿ. ಮೂರೂ ಒಂದೇ ಧ್ವನಿ. ಮನೆಯಲ್ಲೇ ಇಂಗ್ಲಿಷ್ ಕೇಳುತ್ತಾ ಬೆಳೆದ ಮಗುವಿಗೇ ಕ್ರಿಯಾಪದದ ಎಸ್ ತಡವಾಗಿ ದಕ್ಕುವಾಗ, ದಿನಕ್ಕೆ ಒಂದು ಪಿರಿಯಡ್ ಇಂಗ್ಲಿಷ್ ಕೇಳುವ ನಮ್ಮ ಮಗುವಿಗೆ ಕಾಲ ಹಿಡಿಯುತ್ತದೆ. ಅವಸರ ಮಾಡಬಾರದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಹೆಚ್ಚಿನ ತಪ್ಪುಗಳ ಬೇರು ಇರುವುದು ಎಸ್‌ನಲ್ಲಿ ಅಲ್ಲ, ಕರ್ತೃ ಕುಳಿತ ಜಾಗದಲ್ಲಿ. ಈ ವಾಕ್ಯ ಕೇಳಿ: 'ನನ್ನ ಗೆಳೆಯರಲ್ಲಿ ಒಬ್ಬ ಧಾರವಾಡದಲ್ಲಿದ್ದಾನೆ.' ಕರ್ತೃ ಯಾರು? ಒಬ್ಬ. 'ಇದ್ದಾರೆ' ಎಂದು ಯಾವ ಕನ್ನಡಿಗನೂ ತಪ್ಪಿ ಹೇಳುವುದಿಲ್ಲ. ಇದನ್ನೇ ಇಂಗ್ಲಿಷಿನಲ್ಲಿ ಹೇಳುವಾಗ ನಮ್ಮ ವಿದ್ಯಾರ್ಥಿಗಳಷ್ಟೇ ಅಲ್ಲ, ಪದವೀಧರರು, ಅಧಿಕಾರಿಗಳು, ವೇದಿಕೆಯ ಭಾಷಣಕಾರರು ಕೂಡ 'ಒನ್ ಆಫ್ ಮೈ ಫ್ರೆಂಡ್ಸ್ ಆರ್ ಇನ್ ಧಾರವಾಡ್' ಎನ್ನುತ್ತಾರೆ. 'ಈಸ್' ಎನ್ನಬೇಕಾದಲ್ಲಿ 'ಆರ್' ಬಂತು.

ಯಾಕೆ ಬಂತು? ಕನ್ನಡದಲ್ಲಿ ವಿಶೇಷಣಗಳೆಲ್ಲ ಮುಂದೆ ಬಂದು, ಯಾರ ಬಗ್ಗೆ ಮಾತೋ ಆ ಪದ ಕೊನೆಯಲ್ಲಿ ಬರುತ್ತದೆ. 'ಗೆಳೆಯರಲ್ಲಿ' ಮೊದಲು, 'ಒಬ್ಬ' ಆಮೇಲೆ. 'ಮಾರುಕಟ್ಟೆಯಿಂದ ತಂದ ಮಾವಿನ ಹಣ್ಣುಗಳ ಬುಟ್ಟಿ ಭಾರವಾಗಿದೆ' ಎಂಬಲ್ಲಿ ಮಾರುಕಟ್ಟೆ ಬಂತು, ತರುವುದು ಬಂತು, ಹಣ್ಣುಗಳು ಬಂದವು, ಎಲ್ಲ ಮುಗಿದ ಮೇಲೆ ಬುಟ್ಟಿ ಬಂತು, ಅದರ ಬೆನ್ನಿಗೇ ಕ್ರಿಯಾಪದ. ಇಂಥ ವಾಕ್ಯಗಳಲ್ಲಿ ಕರ್ತೃವೂ ಕ್ರಿಯೆಯೂ ನೆರೆಹೊರೆಯವರು. 'ಹಣ್ಣುಗಳ' ಎಂಬುದಕ್ಕೆ ಷಷ್ಠಿ ಹತ್ತಿರುವುದರಿಂದ ಅದು ಕರ್ತೃವಲ್ಲ ಎಂಬುದೂ ಕಿವಿಗೆ ಸ್ಪಷ್ಟ.

ಇಂಗ್ಲಿಷಿನಲ್ಲಿ ಈ ಕ್ರಮ ತಿರುವುಮುರುವು. 'ದಿ ಬ್ಯಾಸ್ಕೆಟ್ ಆಫ್ ಮ್ಯಾಂಗೋಸ್ ಫ್ರಮ್ ದಿ ಮಾರ್ಕೆಟ್ ಈಸ್ ಹೆವಿ.' ಬುಟ್ಟಿ ಮೊಟ್ಟಮೊದಲು ಬಂತು. ಆಮೇಲೆ ಹಣ್ಣುಗಳು, ಆಮೇಲೆ ಮಾರುಕಟ್ಟೆ. ಕ್ರಿಯಾಪದ ಬರುವ ಹೊತ್ತಿಗೆ ಕರ್ತೃ ಬಹಳ ಹಿಂದೆ ಉಳಿದಿದೆ. ನಮ್ಮ ಕಿವಿ ಕನ್ನಡದ ಅಭ್ಯಾಸದಂತೆ ಕ್ರಿಯಾಪದದ ಪಕ್ಕದ ನಾಮಪದವನ್ನೇ ಕರ್ತೃ ಎಂದು ಹಿಡಿಯುತ್ತದೆ. ಕನ್ನಡದಲ್ಲಿ ಕೆಲಸಕ್ಕೆ ಬಂದ ಅಭ್ಯಾಸವೇ ಇಂಗ್ಲಿಷಿನಲ್ಲಿ ಮೋಸ ಮಾಡುತ್ತದೆ.

ಈ ಸೆಳೆತ ಇಂಗ್ಲಿಷ್ ಮನೆಮಾತಿನವರನ್ನೂ ಬಿಟ್ಟಿಲ್ಲ. 1991ರಲ್ಲಿ ಕ್ಯಾಥ್ರಿನ್ ಬಾಕ್ ಮತ್ತು ಕ್ಯಾರಲ್ ಮಿಲ್ಲರ್ ಎಂಬ ಸಂಶೋಧಕಿಯರು ಅಮೆರಿಕದಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ವಾಕ್ಯದ ಮೊದಲ ತುಂಡನ್ನು ಕೇಳಿಸಿ, ಉಳಿದದ್ದನ್ನು ಬಾಯಲ್ಲೇ ಪೂರ್ತಿ ಮಾಡಲು ಹೇಳುವುದು. 'ಬೀರುಗಳ ಬೀಗದ ಕೈ' ಎಂಬ ಅರ್ಥದ ತುಂಡಿನಲ್ಲಿ ಬೀಗದ ಕೈ ಒಂದೇ, ಬೀರುಗಳು ಹಲವು. ಇಂಥ ಕಡೆ ಜನ ಈಸ್ ಬದಲು ಆರ್, ವಾಸ್ ಬದಲು ವರ್ ಎಂದು ತಪ್ಪುತ್ತಿದ್ದರು. ಕರ್ತೃ ಬಹುವಚನವಾಗಿ ನಡುವಿನ ಪದ ಏಕವಚನವಾಗಿದ್ದರೆ ಅಷ್ಟಾಗಿ ತಪ್ಪುತ್ತಿರಲಿಲ್ಲ. ಅಂದರೆ ನಡುವೆ ಬಂದ ಬಹುವಚನಕ್ಕೇ ಸೆಳೆಯುವ ಶಕ್ತಿ ಹೆಚ್ಚು. ನಮ್ಮ ತರಗತಿಗಳಲ್ಲಿ ನಾವು ಕಾಣುವುದೂ ಇದನ್ನೇ.

ತರಗತಿಯಲ್ಲಿ ನಾನು ಮಾಡುವುದು ಸರಳ. ಬೋರ್ಡಿನ ಮೇಲೆ ಬುಟ್ಟಿಯ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆದು, ಕ್ರಿಯಾಪದದ ಜಾಗ ಖಾಲಿ ಬಿಡುತ್ತೇನೆ. ಒಬ್ಬರನ್ನು ಕರೆದು 'ಆಫ್' ಎಂಬಲ್ಲಿಂದ ಖಾಲಿ ಜಾಗದವರೆಗೆ ಅಂಗೈಯಿಂದ ಮುಚ್ಚಲು ಹೇಳುತ್ತೇನೆ. ಆಗ ಉಳಿಯುವುದು 'ದಿ ಬ್ಯಾಸ್ಕೆಟ್' ಮತ್ತು 'ಹೆವಿ'. ಒಮ್ಮೆ ಒಬ್ಬ ಹುಡುಗಿ ಕೈ ಇಟ್ಟುಕೊಂಡೇ ತಿರುಗಿ, 'ಭಾರ ಆಗಿರೋದು ಬುಟ್ಟಿ ಸಾರ್, ಅದಕ್ಕೇ ಈಸ್' ಎಂದಳು. ಇಡೀ ಪಾಠ ಆ ಒಂದು ಮಾತಿನಲ್ಲಿದೆ. ಯಾವುದು ಭಾರ, ಯಾರು ಬಂದರು, ಯಾರು ಇದ್ದಾರೆ ಎಂದು ಕೇಳಿದರೆ ಕರ್ತೃ ತಾನಾಗಿ ಎದ್ದು ಬರುತ್ತದೆ. ಆ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಬೇಕು. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಬಾರದು ಎನ್ನುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಮಗುವಿಗೆ ಗೊತ್ತಿರುವುದನ್ನು ಬಾಗಿಲ ಹೊರಗೆ ನಿಲ್ಲಿಸಿ ಗೊತ್ತಿಲ್ಲದ್ದನ್ನು ಕಲಿಸಲು ಆಗುವುದಿಲ್ಲ.

ದೊಡ್ಡ ಉದಾಹರಣೆಯೊಂದು ನಮ್ಮ ಸಂವಿಧಾನದ ಪ್ರಸ್ತಾವನೆಯಲ್ಲೇ ಇದೆ. ಕರ್ನಾಟಕದ ಶಾಲೆಗಳಲ್ಲಿ ಮಕ್ಕಳು ಅದನ್ನು ಓದುತ್ತಾರೆ. ಇಂಗ್ಲಿಷ್ ಪಾಠದಲ್ಲಿ ಮೊದಲ ಪದವೇ ಕರ್ತೃ: ವಿ, ಅಂದರೆ ನಾವು. ಅಲ್ಲಿಂದ ಮುಂದೆ ಗಣರಾಜ್ಯದ ಸ್ವರೂಪ ಬರುತ್ತದೆ, ನ್ಯಾಯ ಬರುತ್ತದೆ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಬರುತ್ತವೆ, 1949ರ ನವೆಂಬರ್ 26ರ ದಿನಾಂಕವೂ ಬರುತ್ತದೆ. ಇಷ್ಟೆಲ್ಲ ದಾಟಿದ ಮೇಲೆ ಕೊನೆಯ ಸಾಲಿನಲ್ಲಿ 'ಡೂ' ಎಂಬ ಪುಟ್ಟ ಪದ ಬಂದು ಮೊದಲ ಸಾಲಿನ 'ವಿ'ಯ ಕೈ ಹಿಡಿಯುತ್ತದೆ. ನಡುವೆ ಎಷ್ಟು ನಾಮಪದಗಳಿದ್ದರೂ ಅದು 'ಡಸ್' ಆಗಲಿಲ್ಲ. ಕನ್ನಡ ಪಾಠವನ್ನು ಪಕ್ಕದಲ್ಲಿಟ್ಟು ನೋಡಿ: 'ನಾವು' ಎಂದು ಹೊರಟ ವಾಕ್ಯ ಆ ಎಲ್ಲವನ್ನೂ ದಾಟಿ 'ಏವೆ' ಎಂಬ ಕೊನೆಯಲ್ಲೇ ಮುಗಿಯುತ್ತದೆ. ಎರಡೂ ಭಾಷೆಗಳಲ್ಲಿ ಈ ದೂರದ ಹೊಂದಾಣಿಕೆಯನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಯಾವ ಶಾಲೆಯಲ್ಲೂ ಅದಕ್ಕೆ ಹೊಸ ಪುಸ್ತಕ ಕೊಳ್ಳಬೇಕಾಗಿಲ್ಲ.

ಎರಡನೆಯ ತೊಡಕು ಇರುವುದು 'ಇಲ್ಲ' ಎನ್ನುವಲ್ಲಿ. ಕನ್ನಡದ ಕ್ರಿಯಾಪದ ಇಷ್ಟೆಲ್ಲ ರೂಪ ತಾಳಿದರೂ ನಿಷೇಧಕ್ಕೆ ಬಂದಾಗ ಸುಮ್ಮನಾಗುತ್ತದೆ. ನಾನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ, ಬಸ್ಸು ಬರಲಿಲ್ಲ. ಕರ್ತೃ ಯಾರೇ ಆಗಲಿ 'ಇಲ್ಲ' ಒಂದೇ. ಇಂಗ್ಲಿಷಿನಲ್ಲಿ ಹಾಗಲ್ಲ. 'ಶಿ ಗೋಸ್' ಎಂಬುದನ್ನು ನಿಷೇಧ ಮಾಡುವಾಗ ಹೊಸದಾಗಿ ಒಂದು 'ಡೂ' ಬರುತ್ತದೆ, ಗೋಸ್‌ನಲ್ಲಿದ್ದ ಎಸ್ ಅದಕ್ಕೆ ಹೋಗಿ ಸೇರುತ್ತದೆ, 'ಶಿ ಡಸ್ ನಾಟ್ ಗೋ' ಆಗುತ್ತದೆ. ಗೋ ಬರಿದಾಗಿ ನಿಲ್ಲುತ್ತದೆ. ಪ್ರಶ್ನೆಯಲ್ಲೂ ಇದೇ: 'ಡಸ್ ಶಿ ಗೋ?' ನಮ್ಮ ಮಕ್ಕಳು 'ಇಲ್ಲ'ದ ಅಭ್ಯಾಸದಿಂದ 'ಶಿ ಡೋಂಟ್ ಗೋ' ಎನ್ನುತ್ತಾರೆ. ಎಸ್ ಮರೆಯಬಾರದು ಎಂದು ಬೈಸಿಕೊಂಡವರು 'ಶಿ ಡಸ್ ನಾಟ್ ಗೋಸ್' ಎಂದು ಎರಡು ಕಡೆ ಹಾಕುತ್ತಾರೆ. ಎರಡನೆಯ ತಪ್ಪು ಮಾಡುವ ಮಗು ಮೊದಲನೆಯದಕ್ಕಿಂತ ಮುಂದೆ ಹೋಗಿದೆ ಎಂಬುದನ್ನು ಶಿಕ್ಷಕರು ಗಮನಿಸಬೇಕು. ಅದು ಕರ್ತೃವನ್ನು ನೋಡಿದೆ, ಎಸ್ ಬೇಕೆಂದು ತಿಳಿದಿದೆ, ಜಾಗ ಮಾತ್ರ ಗೊತ್ತಿಲ್ಲ. ಒಂದು ವಾಕ್ಯಕ್ಕೆ ಕಾಲದ ಮತ್ತು ಕರ್ತೃವಿನ ಗುರುತು ಒಂದೇ ಸಲ, ಅದೂ ಮೊದಲು ಬರುವ ಕ್ರಿಯಾಪದಕ್ಕೆ. ಇದೊಂದು ಮನಸ್ಸಿಗೆ ಬಂದರೆ 'ಡಿಡ್ ನಾಟ್ ವೆಂಟ್' ಎಂಬ ತಪ್ಪೂ ಅದರ ಜೊತೆಗೇ ಹೋಗುತ್ತದೆ.

ಇದೇ ಜಾತಿಯದು ಇನ್ನೊಂದು. 'ಕೊನೆಯ ಬೆಂಚಿನಲ್ಲಿ ಕೂರುವ ಹುಡುಗ', 'ಕೊನೆಯ ಬೆಂಚಿನಲ್ಲಿ ಕೂರುವ ಹುಡುಗರು'. 'ಕೂರುವ' ಎಂಬ ಕೃದಂತ ಎರಡು ಕಡೆಯೂ ಒಂದೇ. ಇಂಗ್ಲಿಷಿನಲ್ಲಿ 'ದಿ ಬಾಯ್ ಹೂ ಸಿಟ್ಸ್', 'ದಿ ಬಾಯ್ಸ್ ಹೂ ಸಿಟ್'. 'ಹೂ' ಯಾರನ್ನು ಹೇಳುತ್ತದೋ ಅವರಿಗೆ ಕ್ರಿಯೆ ಹೊಂದಬೇಕು. ಇಲ್ಲಿ ಕನ್ನಡ ನೆರವಿಗೆ ಬರುವುದಿಲ್ಲ; ಅಭ್ಯಾಸ ಮಾಡಿಸಲೇಬೇಕು.

'ನನಗೆ ಇಬ್ಬರು ತಮ್ಮಂದಿರಿದ್ದಾರೆ' ಎಂಬಂಥ ವಾಕ್ಯವೂ ಹಾಗೆಯೇ. ಕನ್ನಡದಲ್ಲಿ ಕ್ರಿಯೆ ತಮ್ಮಂದಿರಿಗೆ ಹೊಂದಿದೆ, 'ನನಗೆ' ಚತುರ್ಥಿಯಲ್ಲಿ ದೂರ ನಿಂತಿದೆ. 'ಅವನಿಗೆ ಇಬ್ಬರು ತಮ್ಮಂದಿರಿದ್ದಾರೆ' ಎಂಬುದನ್ನು ಇಂಗ್ಲಿಷಿಗೆ ತರುವಾಗ ಕರ್ತೃ ಅವನೇ ಆಗುತ್ತಾನೆ: 'ಹಿ ಹ್ಯಾಸ್ ಟೂ ಬ್ರದರ್ಸ್.' ತಮ್ಮಂದಿರು ಎಷ್ಟು ಮಂದಿಯಾದರೂ 'ಹ್ಯಾಸ್' ಬದಲಾಗದು. 'ಹಿ ಹ್ಯಾವ್ ಟೂ ಬ್ರದರ್ಸ್' ಎಂಬ ತಪ್ಪಿನ ಹಿಂದೆ ಆ 'ಇದ್ದಾರೆ'ಯ ನೆರಳಿರಬಹುದು ಎಂದು ನನ್ನ ಅನಿಸಿಕೆ.

ಈಗ 'ಯೂ' ಬಗ್ಗೆ. ಒಬ್ಬನನ್ನು ಮಾತಾಡಿಸುವಾಗಲೂ 'ಯೂ ಆರ್' ಯಾಕೆ, 'ಯೂ ಈಸ್' ಯಾಕಲ್ಲ ಎಂದು ಚುರುಕು ಮಕ್ಕಳು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಹಳೆಯ ಇಂಗ್ಲಿಷಿನಲ್ಲಿ ಒಬ್ಬನಿಗೆ 'ದೌ' ಎಂಬ ಪದವಿತ್ತು, ಅದಕ್ಕೆ ಬೇರೆಯೇ ಕ್ರಿಯಾರೂಪವಿತ್ತು. 'ಯೂ' ಹಲವರಿಗೆ. ಕಾಲಾಂತರದಲ್ಲಿ ಗೌರವಕ್ಕಾಗಿ ಒಬ್ಬರಿಗೂ 'ಯೂ' ಎನ್ನತೊಡಗಿದರು. ನಾವು ಹಿರಿಯರಿಗೆ 'ನೀವು ಬನ್ನಿ' ಎನ್ನುವ ಹಾಗೆ. ಇಂಗ್ಲಿಷಿನವರು ಅಷ್ಟಕ್ಕೇ ನಿಲ್ಲದೆ ನಿಧಾನವಾಗಿ ಎಲ್ಲರಿಗೂ 'ಯೂ' ಎಂದರು. 'ದೌ' ಆಡುಮಾತಿನ ಕೆಲವು ಮೂಲೆಗಳಲ್ಲಿ, ಪ್ರಾರ್ಥನೆಯಲ್ಲಿ, ಹಳೆಯ ಕಾವ್ಯದಲ್ಲಿ ಉಳಿಯಿತು. ಪದ ಒಬ್ಬರಿಗೆ ಬಂದರೂ ಕ್ರಿಯೆ ಬಹುವಚನದ್ದೇ ಉಳಿಯಿತು. 'ನೀವು ಇದ್ದೀರಿ' ಎನ್ನುವ ಕನ್ನಡದ ಮಗುವಿಗೆ ಇದು ತಕ್ಷಣ ಅರ್ಥವಾಗುತ್ತದೆ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಎಷ್ಟೋ ಓದುಬರಹ ಬಲ್ಲವರು ಒಬ್ಬರನ್ನು ಕುರಿತು 'ಯೂ ವಾಸ್' ಎಂದು ಬರೆಯುತ್ತಿದ್ದರು. ರಾಬರ್ಟ್ ಲೌತ್ ಎಂಬ ಪಾದ್ರಿ 1762ರಲ್ಲಿ ಬರೆದ ವ್ಯಾಕರಣದಲ್ಲಿ ಅದನ್ನು ಕಟುವಾಗಿ ಖಂಡಿಸಿದರು. ಕೊನೆಗೆ ಶಿಷ್ಟ ಬರವಣಿಗೆಯಲ್ಲಿ ಗೆದ್ದದ್ದು 'ಯೂ ವರ್'.

ಕ್ರಿಯಾಪದದ ಎಸ್‌ಗೂ ಒಂದು ಕಥೆಯಿದೆ. ದಕ್ಷಿಣ ಇಂಗ್ಲೆಂಡಿನಲ್ಲಿ ಹಿಂದೆ ಅದರ ಜಾಗದಲ್ಲಿ 'ಎತ್' ಎಂಬ ಕೊನೆಯಿತ್ತು, ಎಸ್ ಉತ್ತರದ ಕಡೆಯ ಆಡುಮಾತು. ಉತ್ತರದ್ದು ಮೆಲ್ಲಗೆ ಲಂಡನ್ನಿಗೆ ಇಳಿಯಿತು. 1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲ್ ಹಳೆಯ 'ಎತ್' ಅನ್ನು ಉಳಿಸಿಕೊಂಡಿದೆ. ಅದೇ ಕಾಲದ ಶೇಕ್ಸ್‌ಪಿಯರ್ ಎರಡನ್ನೂ ಬಳಸುತ್ತಾನೆ. ಇವತ್ತು ನಾವು ಕಡ್ಡಾಯವೆಂದು ಕಲಿಸುವ ಎಸ್ ಒಂದು ಕಾಲಕ್ಕೆ ಹಳ್ಳಿಯ ಮಾತೆನಿಸಿಕೊಂಡಿದ್ದಿರಬಹುದು. ಮಕ್ಕಳಿಗೆ ಇದನ್ನು ಹೇಳಿದರೆ ನಿಯಮದ ಭಯ ಕಡಿಮೆಯಾಗುತ್ತದೆ.

ಗೌರವದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 'ನಮ್ಮ ಹೆಡ್‌ಮಾಸ್ಟರು ಬಂದಿದ್ದಾರೆ' ಎನ್ನುವ ಅಭ್ಯಾಸದಿಂದ 'ಅವರ್ ಹೆಡ್‌ಮಾಸ್ಟರ್ ಹ್ಯಾವ್ ಕಮ್' ಎಂದು ಬರೆಯುವ ಮಕ್ಕಳಿದ್ದಾರೆ. ಇಂಗ್ಲಿಷಿನ ಹಿ, ಶಿ ಗೌರವಕ್ಕೆ ಬಹುವಚನವಾಗುವುದಿಲ್ಲ. ರಾಷ್ಟ್ರಪತಿಗೂ 'ಹ್ಯಾಸ್', ಪುಟ್ಟ ತಂಗಿಗೂ 'ಹ್ಯಾಸ್'. ಅಪ್ಪನಿಗೆ 'ಹಿ ಈಸ್' ಎಂದರೆ ಏಕವಚನದಲ್ಲಿ ಕರೆದಂತಾಯಿತೆಂದು ಯಾವ ಮಗುವೂ ಅಳುಕಬೇಕಾಗಿಲ್ಲ.

ಗುಂಪನ್ನು ಹೇಳುವ ಪದಗಳಲ್ಲಿ ಇಂಗ್ಲಿಷಿನವರಲ್ಲೇ ಒಮ್ಮತವಿಲ್ಲ. ಆಕಾಶವಾಣಿಯ ಕ್ರಿಕೆಟ್ ವೀಕ್ಷಕ ವಿವರಣೆ ಕೇಳುತ್ತಾ ಬೆಳೆದವರಿಗೆ 'ಇಂಡಿಯಾ ಆರ್ ಟೂ ಹಂಡ್ರೆಡ್ ಫಾರ್ ತ್ರೀ' ಎಂಬ ಧಾಟಿ ನೆನಪಿರುತ್ತದೆ. ದೇಶ ಒಂದೇ ಆದರೂ ಆಡುವವರು 11 ಮಂದಿ, ಆದ್ದರಿಂದ 'ಆರ್'. ಇದು ಬ್ರಿಟಿಷ್ ರೂಢಿ. ಪತ್ರಿಕೆಯಲ್ಲಿ 'ಇಂಡಿಯಾ ವಿನ್' ಎಂಬ ತಲೆಬರಹ ಕಂಡರೆ ಅದು ಅಚ್ಚಿನ ದೋಷವಲ್ಲ. ಅಮೆರಿಕದವರು ತಂಡಕ್ಕೆ ಸಾಮಾನ್ಯವಾಗಿ 'ಈಸ್' ಎನ್ನುತ್ತಾರೆ. ಅವರ ದೇಶದ ಹೆಸರೇ ಬಹುವಚನದಲ್ಲಿದೆ. ಗುಲಾಮಗಿರಿಯನ್ನು ರದ್ದು ಮಾಡಿದ, 1865ರಲ್ಲಿ ಜಾರಿಗೆ ಬಂದ ಅವರ ಸಂವಿಧಾನದ 13ನೇ ತಿದ್ದುಪಡಿ ಯುನೈಟೆಡ್ ಸ್ಟೇಟ್ಸನ್ನು 'ದೇರ್' ಎಂದು, ಅಂದರೆ 'ಅವುಗಳ' ಎಂದು ಹೇಳುತ್ತದೆ. ಇವತ್ತಿನ ಅಮೆರಿಕನ್ನರು 'ದಿ ಯುನೈಟೆಡ್ ಸ್ಟೇಟ್ಸ್ ಈಸ್' ಎಂದೇ ಹೇಳುವುದು. ರಾಜ್ಯಗಳ ಕೂಟ ಒಂದು ರಾಷ್ಟ್ರವೆಂಬ ಭಾವನೆ ಗಟ್ಟಿಯಾದಂತೆ ಕ್ರಿಯಾಪದವೂ ಬದಲಾಯಿತು.

ಇನ್ನು ಕೆಲವು ಪದಗಳನ್ನು ಬೇಗ ಹೇಳಿಬಿಡುತ್ತೇನೆ. 'ಪೀಪಲ್ ಆರ್': ಕನ್ನಡದ 'ಜನ ಬಂದಿದ್ದಾರೆ' ನೆನೆಸಿಕೊಳ್ಳಿ, ಅಲ್ಲೂ 'ಜನ'ಕ್ಕೆ ಬಹುವಚನ ಪ್ರತ್ಯಯವಿಲ್ಲ, ಕ್ರಿಯೆ ಬಹುವಚನ. 'ಪೊಲೀಸ್ ಆರ್', ಯಾಕೆಂದರೆ ಅದು 'ಪೊಲೀಸರು'. 'ನ್ಯೂಸ್ ಈಸ್': ನಾವು ಬಾನುಲಿಯಲ್ಲಿ 'ವಾರ್ತೆಗಳು' ಎಂದರೂ ಇಂಗ್ಲಿಷಿನಲ್ಲಿ ಅದು ಏಕವಚನ. 'ಫೈವ್ ಹಂಡ್ರೆಡ್ ರುಪೀಸ್ ಈಸ್ ಎನಫ್': 'ಐನೂರು ರೂಪಾಯಿ ಸಾಕಾಗುತ್ತದೆ' ಎನ್ನುತ್ತೇವೆ, 'ಸಾಕಾಗುತ್ತವೆ' ಎನ್ನುವುದಿಲ್ಲ. ಮೊತ್ತ ಎರಡೂ ಭಾಷೆಗಳಲ್ಲಿ ಒಂದೇ ವಸ್ತು.

'ದಿ ಬಾಯ್ ವಿತ್ ಹಿಸ್ ಫ್ರೆಂಡ್ಸ್' ಎಂದು ಬಂದರೆ 'ಹ್ಯಾಸ್' ಬೇಕೋ 'ಹ್ಯಾವ್' ಬೇಕೋ ಎಂದು ವ್ಯಾಕರಣ ಪುಸ್ತಕಗಳು ದೊಡ್ಡ ನಿಯಮ ಕೊಡುತ್ತವೆ. 'ಹುಡುಗ ಗೆಳೆಯರ ಜೊತೆ ಬಂದಿದ್ದಾನೆ' ಎಂದು ಒಮ್ಮೆ ಹೇಳಿಕೊಳ್ಳಿ, ಉತ್ತರ ಸಿಕ್ಕಿತು. 'ಎ ನಂಬರ್ ಆಫ್ ಸ್ಟೂಡೆಂಟ್ಸ್' ಎಂದರೆ 'ಅನೇಕ ವಿದ್ಯಾರ್ಥಿಗಳು', ಹಾಗಾಗಿ 'ಆರ್'. 'ದಿ ನಂಬರ್ ಆಫ್ ಸ್ಟೂಡೆಂಟ್ಸ್' ಎಂದರೆ 'ವಿದ್ಯಾರ್ಥಿಗಳ ಸಂಖ್ಯೆ', ಹಾಗಾಗಿ 'ಈಸ್'. ಕನ್ನಡಕ್ಕೆ ತಂದ ಕೂಡಲೇ ಕರ್ತೃ ಬೇರೆ ಬೇರೆ ಎಂಬುದು ಕಣ್ಣಿಗೆ ಕಾಣುತ್ತದೆ. 'ಐದರ್', 'ನೈದರ್' ಬಂದಾಗ ಹತ್ತಿರದ ಕರ್ತೃವಿಗೆ ಹೊಂದಿಸುವುದು ರೂಢಿ.

ಕನ್ನಡ ದಾರಿ ತಪ್ಪಿಸುವ ಜಾಗಗಳನ್ನೂ ಮರೆಮಾಚಬಾರದು. ಆಡುಮಾತಿನಲ್ಲಿ 'ಎರಡು ಬಸ್ಸು ಬಂತು' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಎರಡು ಎಂದಮೇಲೆ ಬಸ್ಸೂ ಬಹುವಚನ, ಕ್ರಿಯೆಯೂ ಬಹುವಚನ. 'ಎಲ್ಲರೂ ಇದ್ದಾರೆ' ಎಂಬುದು 'ಎವ್ರಿಬಡಿ ಈಸ್' ಆಗುತ್ತದೆ. ಅಲ್ಲಿ ಎಲ್ಲರನ್ನೂ ಒಬ್ಬೊಬ್ಬರಾಗಿ ಎಣಿಸಿದ ಲೆಕ್ಕ. ಇಂಥವನ್ನು ಬಾಯಿಪಾಠವಾಗಿಯೇ ಕಲಿಯಬೇಕು.

ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದಲ್ಲಿ ಈ ಹೊಂದಾಣಿಕೆಗೆಂದೇ ಒಂದು ಅಧ್ಯಾಯವಿದೆ. ತಲೆಮಾರುಗಳು ಅದನ್ನು ಓದಿ ಇಂಗ್ಲಿಷ್ ಕಲಿತಿವೆ, ಆ ಪುಸ್ತಕದ ಮೇಲೆ ನನಗೆ ಗೌರವವಿದೆ. ಆದರೆ ನಿಯಮಗಳ ಪಟ್ಟಿಯನ್ನು ಮೊದಲ ದಿನವೇ ಮಗುವಿನ ಮುಂದಿಟ್ಟರೆ ಅದು ಪಟ್ಟಿಯನ್ನು ಕಲಿಯುತ್ತದೆಯೇ ಹೊರತು ಕರ್ತೃವನ್ನು ಗುರುತಿಸುವುದನ್ನು ಕಲಿಯುವುದಿಲ್ಲ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಬೇರೆ ದಾರಿ ಹಿಡಿದು ನೋಡಿದರು. ಜಗತ್ತಿನಾದ್ಯಂತ ಇಂಗ್ಲಿಷ್ ಶಿಕ್ಷಕರು ಅದನ್ನು ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯುತ್ತಾರೆ. ರೈಲಿನ ವೇಳಾಪಟ್ಟಿ, ನಕಾಶೆಗಳನ್ನು ಕೊಟ್ಟು ಮಕ್ಕಳಿಂದ ಲೆಕ್ಕಾಚಾರ ಮಾಡಿಸುವುದು, ಮನಸ್ಸು ಅರ್ಥದ ಮೇಲಿರುವಾಗ ವ್ಯಾಕರಣ ತಾನಾಗಿ ಒಳಗೆ ಇಳಿಯುತ್ತದೆ ಎಂದು ನಂಬುವುದು ಆ ಪ್ರಯೋಗದ ತಿರುಳು. ನಾನು ಅದನ್ನು ಅರ್ಧ ಒಪ್ಪುತ್ತೇನೆ. 'ಮೈಸೂರಿನಿಂದ ರೈಲು ಎಷ್ಟು ಹೊತ್ತಿಗೆ ಹೊರಡುತ್ತದೆ' ಎಂದು ಇಂಗ್ಲಿಷಿನಲ್ಲಿ ಹತ್ತು ಸಲ ಕೇಳಿ ಹೇಳಿದ ಮಗುವಿನ ನಾಲಗೆಗೆ 'ದಿ ಟ್ರೇನ್ ಲೀವ್ಸ್' ಕೂರುತ್ತದೆ. ಉದ್ದ ವಾಕ್ಯದಲ್ಲಿ ಕರ್ತೃ ದೂರ ಉಳಿದಾಗ ಮಾತ್ರ, ಅಂಗೈಯಿಂದ ಮುಚ್ಚಿ ತೋರಿಸುವ ಒಬ್ಬ ಶಿಕ್ಷಕರು ಬೇಕೇ ಬೇಕು.

ಕೊನೆಯದಾಗಿ ಶಿಕ್ಷಕರಲ್ಲೂ ತಂದೆತಾಯಿಯರಲ್ಲೂ ಒಂದು ವಿನಂತಿ. ಮಗು 'ಮೈ ಸಿಸ್ಟರ್ ಗೋ ಟು ಕಾಲೇಜ್' ಎಂದು ಮಾತು ತೆಗೆದಾಗ ಅಲ್ಲೇ ತಡೆಯಬೇಡಿ. ವಾಕ್ಯ ಮುಗಿಸಲು ಬಿಡಿ. ಮುಗಿದ ಮೇಲೆ 'ಓಹೋ, ಯುವರ್ ಸಿಸ್ಟರ್ ಗೋಸ್ ಟು ಕಾಲೇಜ್, ವಿಚ್ ಕಾಲೇಜ್?' ಎಂದು ಸರಿಯಾದ ರೂಪವನ್ನು ನಿಮ್ಮ ಮಾತಿನಲ್ಲಿ ಕೇಳಿಸಿ, ಮಾತು ಮುಂದುವರಿಸಿ. ಮಕ್ಕಳೇ, ನೀವು ಬರೆದ ಇಂಗ್ಲಿಷ್ ಉತ್ತರವನ್ನು ಒಪ್ಪಿಸುವ ಮುನ್ನ ಪ್ರತಿ ಕ್ರಿಯಾಪದದ ಕೆಳಗೆ ಪೆನ್ಸಿಲ್ ಇಟ್ಟು 'ಯಾರು?' ಎಂದು ಕನ್ನಡದಲ್ಲೇ ಕೇಳಿಕೊಳ್ಳಿ. ಸಿಕ್ಕ ಉತ್ತರ ಒಬ್ಬರೋ, ಒಂದೋ ಆಗಿದ್ದರೆ, ಅದು ನಾನು, ನೀನು ಅಲ್ಲದಿದ್ದರೆ, ಕ್ರಿಯೆ ವರ್ತಮಾನದಲ್ಲಿದ್ದರೆ, ಎಸ್ ಇದೆಯೇ ನೋಡಿ. ನಾಳೆ ಬೆಳಗಿನ ಪಿರಿಯಡ್ಡಿನಿಂದಲೇ ಶುರು ಮಾಡಿ.